ಹಂಪಿ ಯಾಕೆ ಹಾಳಾಯ್ತು? ಐದರಿಂದ ಹತ್ತು ವರ್ಷದ ಮಕ್ಕಳಿಗೆ ಹೇಳುವ ಬಗೆ

ಮಗುವಿನ ಕೈಗೆ ಹೊಸ ಐವತ್ತು ರೂಪಾಯಿ ನೋಟು ಕೊಟ್ಟು ಹಿಂಬದಿ ನೋಡಲು ಹೇಳಿ. ಹಂಪಿಯ ಕಲ್ಲಿನ ತೇರು ಕಾಣುತ್ತದೆ. ಇದು ಎಲ್ಲಿದೆ, ಯಾರು ಮಾಡಿಸಿದ್ದು ಎಂಬ ಎರಡು ಪ್ರಶ್ನೆ ಮುಗಿಯುವಷ್ಟರಲ್ಲಿ ಮೂರನೆಯದು ಬಂದೇ ಬರುತ್ತದೆ: "ಅವರೆಲ್ಲ ಈಗ ಎಲ್ಲಿ ಹೋದ್ರು?"

ದೊಡ್ಡವರು ಎಡವುವುದು ಇಲ್ಲೇ. "1565ರಲ್ಲಿ ತಾಳಿಕೋಟೆ ಯುದ್ಧ ಆಯ್ತು, ಸಾಮ್ರಾಜ್ಯ ಪತನವಾಯ್ತು" ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಈ ಉತ್ತರ ಪರೀಕ್ಷೆಗೆ ಸಾಕು, ಮಗುವಿಗೆ ಸಾಲದು. ಪೂರ್ತಿ ಸರಿಯೂ ಅಲ್ಲ. ಯುದ್ಧ ಸೋತ ಮೇಲೂ ವಿಜಯನಗರದ ಅರಸರು ಎಂಬತ್ತು ವರ್ಷ ಆಳಿದರು. ರಾಜಧಾನಿ ಹಾಳಾದದ್ದು ಒಂದು ಸಂಗತಿ, ಸಾಮ್ರಾಜ್ಯ ಕರಗಿದ್ದು ಇನ್ನೊಂದು. ಇವೆರಡನ್ನು ಬಿಡಿಸಿ ಹೇಳಿದರೆ ಉಳಿದದ್ದನ್ನು ಮಕ್ಕಳೇ ಕೇಳಿ ಕೇಳಿ ತಿಳಿದುಕೊಳ್ಳುತ್ತಾರೆ.

ಮೊದಲು ಮಾತು ಸರಿಮಾಡಿಕೊಳ್ಳಿ

"ಸಾಮ್ರಾಜ್ಯ ಬಿತ್ತು" ಎಂದರೆ ಆರು ವರ್ಷದ ಮಗು "ಎಲ್ಲಿಂದ ಬಿತ್ತು?" ಎಂದು ಕೇಳುತ್ತದೆ. ಅದರ ಕಣ್ಣಿಗೆ ಕಾಣುವುದು ಗೋಡೆಯೋ ಮರವೋ ಬೀಳುವ ಚಿತ್ರ. ಆದ್ದರಿಂದ ಸಾಮ್ರಾಜ್ಯ ಎಂದರೇನು ಎಂದು ಒಂದು ಸಾಲಿನಲ್ಲಿ ಹೇಳಿ ಶುರುಮಾಡಿ: "ತುಂಬಾ ದೂರದ ಊರಿನವರೂ ಒಬ್ಬನೇ ರಾಜನ ಮಾತು ಕೇಳ್ತಿದ್ರು, ಅವನಿಗೆ ಕಂದಾಯ ಕಳಿಸ್ತಿದ್ರು. ಅಷ್ಟೂ ಊರು ಸೇರಿ ಸಾಮ್ರಾಜ್ಯ." ಬೀಳುವುದು ಏನು ಎಂಬುದು ಆಗ ತಾನಾಗಿ ಬರುತ್ತದೆ: ಮಾತು ಕೇಳುವವರು, ಕಂದಾಯ ಕಳಿಸುವವರು ಒಬ್ಬೊಬ್ಬರಾಗಿ ಕಡಿಮೆಯಾದರು.

ರಕ್ಕಸತಂಗಡಿ ಎಂಬ ಹೆಸರು ಹೇಳುವಾಗ ಎಚ್ಚರ. ಮಗುವಿನ ಕಿವಿಗೆ ಬೀಳುವುದು "ರಕ್ಕಸ" ಮಾತ್ರ, ಆಮೇಲೆ ಕತೆಯಲ್ಲಿ ಎದುರಾಳಿಗಳೆಲ್ಲ ಕೋರೆಹಲ್ಲಿನವರಾಗುತ್ತಾರೆ. ರಕ್ಕಸಗಿ, ತಂಗಡಗಿ ಎಂಬುವು ಕೃಷ್ಣಾ ನದಿಯ ಕಡೆಯ ಎರಡು ಊರು, ಅವುಗಳ ಹೆಸರು ಕೂಡಿ ಹೀಗಾಯಿತು ಎಂದು ಮೊದಲೇ ಹೇಳಿಬಿಡಿ. ಪಠ್ಯಪುಸ್ತಕದ ತಾಳಿಕೋಟೆ ಯುದ್ಧವೂ ಇದೇ.

ಇನ್ನೊಂದು ಮಾತು: "ಮುತ್ತು ರತ್ನಗಳನ್ನು ಬೀದಿಯಲ್ಲಿ ಬಳ್ಳದಿಂದ ಅಳೆದು ಮಾರುತ್ತಿದ್ದರು." ಹೇಳಬಾರದೆಂದಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಆ ಊರಲ್ಲಿ ಬಡವರೇ ಇರಲಿಲ್ಲ ಎಂದು ಮಗು ನಂಬುತ್ತದೆ. ಕಲ್ಲು ಹೊತ್ತವರು, ಆನೆ ನೋಡಿಕೊಂಡವರು, ಗದ್ದೆಗೆ ನೀರು ಹಾಯಿಸಿದವರು ಎಂದು ಇನ್ನಷ್ಟು ಜನರನ್ನು ಆ ಬೀದಿಗೆ ತನ್ನಿ. ಕತೆಯ ಕೊನೆಯಲ್ಲಿ ಊರು ಬಿಟ್ಟು ಹೋಗುವವರು ಇವರೇ. ಮೊದಲೇ ಪರಿಚಯವಿಲ್ಲದಿದ್ದರೆ ಅವರು ಹೋದದ್ದು ಮಗುವಿಗೆ ತಟ್ಟುವುದಿಲ್ಲ.

ದಾರದ ಲೆಕ್ಕ

ಏಳು ವರ್ಷದೊಳಗಿನ ಮಕ್ಕಳಿಗೆ 460 ವರ್ಷವೂ ಒಂದೇ, ನಾಲ್ಕು ಸಾವಿರವೂ ಒಂದೇ. ಅವರಿಗೆ ಇಸವಿ ಬೇಡ, ಅಜ್ಜಿ ಸಾಕು. ಒಬ್ಬ ಅಜ್ಜಿಗೆ ಸುಮಾರು 50 ವರ್ಷ ಎಂದು ಹಿಡಿದು "ಅಜ್ಜಿಯ ಅಜ್ಜಿಯ ಅಜ್ಜಿಯ..." ಎಂದು ಒಂಬತ್ತು ಸಲ ಹೇಳಿಸಿ. ಐದನೆಯದಕ್ಕೆ ಉಸಿರು ಕಟ್ಟಿ ನಗು ಬರುತ್ತದೆ. ಒಂಬತ್ತನೇ ಅಜ್ಜಿ ಚಿಕ್ಕವಳಿದ್ದಾಗ ಈ ಯುದ್ಧ ನಡೆಯಿತು ಎನ್ನಿ.

ಎಂಟು ದಾಟಿದವರಿಗೆ ದಾರ ಕಟ್ಟಿ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. ಹಿಗ್ಗದ ಹತ್ತಿಯ ದಾರ ಏಳು ಮೀಟರ್ ಬೇಕು, ಬಟ್ಟೆ ಒಣಗಿಸುವ ಕ್ಲಿಪ್ಪು ಆರು, ಒಂದು ಟೇಪು. ದಾರದ ಎಡತುದಿಗೆ ಮೊದಲ ಕ್ಲಿಪ್ಪು ಹಾಕಿ: 1336, ಹಕ್ಕ ಬುಕ್ಕರು ರಾಜ್ಯ ಕಟ್ಟಿದ್ದು. ಅಲ್ಲಿಂದ ಅಳೆದು 173 ಸೆಂ.ಮೀ.ಗೆ ಎರಡನೆಯದು, ಕೃಷ್ಣದೇವರಾಯ ಪಟ್ಟಕ್ಕೆ ಬಂದ 1509. 193ಕ್ಕೆ ಮೂರನೆಯದು, ಅವನು ತೀರಿಕೊಂಡ 1529. 229ಕ್ಕೆ 1565ರ ಯುದ್ಧ, ಇದಕ್ಕೆ ಕೆಂಪು ಕ್ಲಿಪ್ಪು. 310ಕ್ಕೆ 1646, ಸಾಮ್ರಾಜ್ಯದ ಕೊನೆ ಎಂದು ಸಾಮಾನ್ಯವಾಗಿ ಕೊಡುವ ಇಸವಿ. ಆರನೆಯ ಕ್ಲಿಪ್ಪು ಇವತ್ತಿಗೆ, ಅದು ಸುಮಾರು 690ಕ್ಕೆ ಬರುತ್ತದೆ. ಕ್ಲಿಪ್ಪಿನ ಬದಲು ಗಂಟು ಹಾಕಬೇಡಿ. ಒಂದೊಂದು ಗಂಟೂ ಒಂದೆರಡು ಸೆಂಟಿಮೀಟರ್ ದಾರ ನುಂಗುತ್ತದೆ, ಮುಂದಿನ ಅಳತೆಯೆಲ್ಲ ಕೆಡುತ್ತದೆ.

ಈಗ ಕೆಂಪು ಕ್ಲಿಪ್ಪಿನಿಂದ ಐದನೆಯ ಕ್ಲಿಪ್ಪಿನವರೆಗೆ ಮಗುವಿನಿಂದಲೇ ಅಳೆಸಿ. 81 ಸೆಂ.ಮೀ. "ಯುದ್ಧದಲ್ಲಿ ಎಲ್ಲಾ ಮುಗೀತು ಅಂದ್ರಲ್ಲ, ಮತ್ತೆ ಇಷ್ಟು ದಾರ ಯಾಕಿದೆ?" ಈ ಪ್ರಶ್ನೆಯನ್ನು ನೀವು ಕೇಳಬೇಡಿ, ಕಾಯಿರಿ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಿರುವುದೂ ಹತ್ತಿರ ಹತ್ತಿರ ಅಷ್ಟೇ ವರ್ಷ ಎಂದರೆ ಆ ಉದ್ದದ ಅಂದಾಜು ಸಿಗುತ್ತದೆ.

ಆ 81 ಸೆಂಟಿಮೀಟರಿನಲ್ಲಿ ನಡೆದದ್ದು ಇಷ್ಟು. ರಾಜನ ಹೆಸರಿನಲ್ಲಿ ರಾಜ್ಯ ನಡೆಸುತ್ತಿದ್ದ ರಾಮರಾಯ ಯುದ್ಧದಲ್ಲಿ ಸತ್ತ. ಅವನ ತಮ್ಮ ತಿರುಮಲ, ರಾಜ ಸದಾಶಿವರಾಯನನ್ನೂ ಖಜಾನೆಯನ್ನೂ ಕರೆದುಕೊಂಡು ಪೆನುಕೊಂಡೆಗೆ ಹೋದ. ರಾಜಧಾನಿ ಆಮೇಲೆ ಚಂದ್ರಗಿರಿಗೆ ಹೋಯಿತು, ಅಲ್ಲಿಂದ ವೆಲ್ಲೂರಿಗೆ. ಈ ನಡುವೆ 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. ರಾಜನ ಕೈಕೆಳಗೆ ಸೀಮೆ ನೋಡಿಕೊಳ್ಳುತ್ತಿದ್ದ ಇಕ್ಕೇರಿ, ಮಧುರೆ, ತಂಜಾವೂರು, ಸೆಂಜಿಯ ನಾಯಕರು ತಮ್ಮ ತಮ್ಮ ಊರಿಗೆ ತಾವೇ ಅರಸರಾಗುತ್ತ ಬಂದರು. ಮಕ್ಕಳಿಗೆ ಈ ಹೆಸರೆಲ್ಲ ಬೇಡ, ರಾಜಧಾನಿ ಮೂರು ಸಲ ಮನೆ ಬದಲಾಯಿಸಿತು ಎಂದರೆ ಸಾಕು. ಬಾಡಿಗೆ ಮನೆ ಬದಲಾಯಿಸಿದ ಮಕ್ಕಳಿಗೆ ಸಾಮಾನೆಲ್ಲ ಹೊಸ ಮನೆಗೆ ಬರುವುದಿಲ್ಲ ಎಂದು ಚೆನ್ನಾಗಿ ಗೊತ್ತು.

ಚಿಕ್ಕವರಿಗೆ ಹೇಳುವ ಕತೆ

ಐದರಿಂದ ಏಳರವರಿಗೆ ಮೂರು ನಿಮಿಷ ಮೀರಬಾರದು, ನಾಲ್ಕಕ್ಕಿಂತ ಹೆಚ್ಚು ಜನರ ಹೆಸರು ಇರಬಾರದು. ಈ ಅಳತೆಯ ಒಂದು ಕತೆ ಇಲ್ಲಿದೆ. ನಿಮ್ಮ ಮನೆಯ ಮಾತಿಗೆ ಹೊಂದಿಸಿಕೊಳ್ಳಿ:

"ತುಂಗಭದ್ರಾ ನದಿ ಪಕ್ಕ ವಿಜಯನಗರ ಅಂತ ದೊಡ್ಡ ಊರಿತ್ತು. ಅಲ್ಲಿ ಹೆಸರಿಗೆ ರಾಜ ಸದಾಶಿವರಾಯ, ಆದ್ರೆ ಕೆಲಸವೆಲ್ಲ ರಾಮರಾಯಂದು. ಅವನು ಕೃಷ್ಣದೇವರಾಯನ ಅಳಿಯ, ಅದಕ್ಕೇ ಎಲ್ರೂ ಅಳಿಯ ರಾಮರಾಯ ಅಂತಿದ್ರು. ನದಿ ಆಚೆ ಐದು ಸುಲ್ತಾನರ ರಾಜ್ಯ ಇತ್ತು. ಅವರು ಅವರವರಲ್ಲೇ ಜಗಳ ಆಡ್ತಿದ್ರು. ರಾಮರಾಯ ಒಂದ್ಸಲ ಇವರ ಕಡೆ ಸೇರೋನು, ಇನ್ನೊಂದ್ಸಲ ಅವರ ಕಡೆ. ಯಾವ ಕಡೆ ಸೇರಿದ್ರೂ ಲಾಭ ಇವನಿಗೇ. ಒಂದು ದಿನ ಸುಲ್ತಾನರು ಅಂದ್ಕೊಂಡ್ರು, ನಾವು ನಾವೇ ಜಗಳ ಆಡಿದ್ರೆ ಗೆಲ್ಲೋದು ಅವನು. ನಾಲ್ಕು ಜನ ಒಂದಾದ್ರು. ಕೃಷ್ಣಾ ನದಿ ಹತ್ರ ದೊಡ್ಡ ಯುದ್ಧ ಆಯ್ತು. ರಾಮರಾಯನಿಗೆ ಆಗ ಸುಮಾರು ಎಂಬತ್ತು ವರ್ಷ. ಅವನು ಯುದ್ಧದಲ್ಲಿ ಸಿಕ್ಕಿಬಿದ್ದ, ಅವನನ್ನ ಕೊಂದರು. ಅದನ್ನ ಕಂಡು ಅವನ ಸೈನ್ಯ ಓಡಿಹೋಯ್ತು. ಗೆದ್ದವರು ಊರಿಗೆ ಬಂದು ಲೂಟಿ ಮಾಡಿದ್ರು, ಬೆಂಕಿ ಇಟ್ಟರು. ಜನ ಊರು ಬಿಟ್ಟು ಬೇರೆ ಬೇರೆ ಕಡೆ ಹೋಗಿ ಮನೆ ಮಾಡ್ಕೊಂಡ್ರು."

"ಕೊಂದರು" ಎಂಬಲ್ಲಿ ನಾಲಿಗೆ ತಡವರಿಸಬಾರದು. "ಮಲಗಿಬಿಟ್ಟ", "ದೇವರ ಹತ್ರ ಹೋದ" ಎಂದು ಸುತ್ತಿಬಳಸಿದರೆ ಅಂದು ರಾತ್ರಿ ಮಲಗಲು ಹೆದರುವ ಮಕ್ಕಳುಂಟು. ತಲೆ ಕಡಿದ ವಿವರ ಮಾತ್ರ ಈ ವಯಸ್ಸಿಗೆ ಬೇಡ. ಹತ್ತರ ಹೊತ್ತಿಗೆ ಅದು ಹೇಗೂ ಎಲ್ಲಿಂದಲಾದರೂ ತಿಳಿಯುತ್ತದೆ, ಆಗ ಕೇಳಿದರೆ ಹೌದು ಎನ್ನಿ. ಮಲಗುವ ಹೊತ್ತಿಗೆ ಈ ಕತೆ ತೆಗೆಯಬೇಡಿ, ಸಂಜೆಯೇ ಮುಗಿಸಿ. "ನಮ್ಮೂರಿಗೂ ಹಾಗಾಗುತ್ತಾ?" ಎಂದರೆ ಉಪನ್ಯಾಸ ಬೇಕಿಲ್ಲ. ಈಗ ಇಲ್ಲಿ ರಾಜರೂ ಇಲ್ಲ, ಊರು ಲೂಟಿ ಮಾಡುವ ಸೈನ್ಯವೂ ಇಲ್ಲ, ಬಾಗಿಲು ಹಾಕಿದೆ, ನಾವೆಲ್ಲ ಇಲ್ಲೇ ಇದ್ದೇವೆ ಎಂದರಾಯಿತು.

"ಕೆಟ್ಟವರು ಯಾರು?"

ಈ ಪ್ರಶ್ನೆ ತಪ್ಪಿದ್ದಲ್ಲ. ಅದರ ಹಿಂದೆಯೇ, ಶಾಲೆಯಲ್ಲೋ ಮೊಬೈಲಿನಲ್ಲೋ ಏನಾದರೂ ಕೇಳಿಸಿಕೊಂಡ ಮಗುವಾದರೆ, "ಹಿಂದೂಗಳಿಗೂ ಮುಸ್ಲಿಮರಿಗೂ ಯುದ್ಧವಾ?" ಎಂಬುದೂ ಬರುತ್ತದೆ. ಹೌದು ಎಂದರೂ ಅಲ್ಲ ಎಂದರೂ ಅರ್ಧ ಮಾತಾಗುತ್ತದೆ. ಆದ್ದರಿಂದ ನಡೆದದ್ದನ್ನು ಹೇಳಿ. ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಸೈನಿಕರಿದ್ದರು, ಸುಲ್ತಾನರ ಸೈನ್ಯದಲ್ಲಿ ಹಿಂದೂಗಳಿದ್ದರು. ರಾಮರಾಯ ಒಮ್ಮೆ ಅಹಮದ್‌ನಗರದ ಜೊತೆ ಸೇರಿ ಬಿಜಾಪುರದ ಮೇಲೆ ಹೋದ, ಆಮೇಲೆ ಬಿಜಾಪುರದ ಜೊತೆ ಸೇರಿ ಅಹಮದ್‌ನಗರದ ಮೇಲೆ ಹೋದ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಪಟ್ಟಕ್ಕೆ ಬರುವ ಮೊದಲು ತನ್ನ ಅಣ್ಣನಿಗೆ ಹೆದರಿ ಬಂದು ಏಳು ವರ್ಷ ಇದ್ದದ್ದು ವಿಜಯನಗರದಲ್ಲೇ. ಕೊನೆಗೆ ಅವನೂ ಎದುರು ಪಾಳಯ ಸೇರಿದ. ಅಹಮದ್‌ನಗರದ ಹುಸೇನ್ ನಿಜಾಮ್ ಷಾ ತನ್ನ ಮಗಳು ಚಾಂದ್ ಬೀಬಿಯನ್ನು ಬಿಜಾಪುರದ ಅಲಿ ಆದಿಲ್ ಷಾನಿಗೆ ಕೊಟ್ಟು ಮದುವೆ ಮಾಡಿದ, ಹಳೇ ವೈರಿಗಳು ಬೀಗರಾದರು. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಸೇರಿದವು, ಬೇರಾರ್ ಸೇರಲಿಲ್ಲ.

ಇಷ್ಟು ಹೇಳಿ, ಊರಿಗೆ ಆದದ್ದನ್ನು ನುಂಗಿಬಿಡಬೇಡಿ. ಗೆದ್ದ ಸೈನ್ಯ ತಿಂಗಳುಗಟ್ಟಲೆ ಲೂಟಿ ಮಾಡಿತು, ದೇವಸ್ಥಾನ ಒಡೆಯಿತು, ಮೂರ್ತಿಗಳ ಕೈಕಾಲು ಮುರಿಯಿತು. ಹಂಪಿಯ ಉಗ್ರನರಸಿಂಹ ಮೂರ್ತಿಯ ಮುಂದೆ ನಿಂತ ಮಗುವಿಗೆ "ಹಳೇದಾಗಿ ಮುರಿದುಹೋಯ್ತು" ಎಂದು ಸುಳ್ಳು ಹೇಳಿದರೆ ನಾಳೆ ನಿಮ್ಮ ಯಾವ ಮಾತನ್ನೂ ಅದು ನಂಬುವುದಿಲ್ಲ.

ಮಕ್ಕಳು ಆರು ಮಂದಿ ಇದ್ದರೆ ಅಂಗಳದಲ್ಲಿ ಸೀಮೆಸುಣ್ಣದಿಂದ ಐದು ಮನೆ ಒಂದು ಸಾಲಿನಲ್ಲಿ, ಆರನೆಯದನ್ನು ಕೆಳಗೆ ದೊಡ್ಡದಾಗಿ ಬರೆಯಿರಿ. ನಡುವೆ ನೀಲಿ ಗೆರೆ, ಅದು ಕೃಷ್ಣೆ. ಒಬ್ಬೊಬ್ಬರಿಗೆ ಹತ್ತು ಹುಣಸೆ ಬೀಜ. ಪ್ರತಿ ಸುತ್ತಿನಲ್ಲೂ ಮೇಲಿನ ಇಬ್ಬರು ಜಗಳವಾಡುತ್ತಾರೆ, ಕೆಳಗಿನವನು ಯಾರ ಕಡೆ ಸೇರುತ್ತಾನೋ ಅವರದೇ ಗೆಲುವು. ಸೋತವರು ನಾಲ್ಕು ಬೀಜ ಕೊಡಬೇಕು, ಅದರಲ್ಲಿ ಮೂರು ಕೆಳಗಿನ ಮನೆಗೆ. ನಾಲ್ಕನೇ ಸುತ್ತಿನ ಹೊತ್ತಿಗೆ ಮೇಲಿನವರು ತಾವಾಗಿಯೇ ಗುಸುಗುಸು ಶುರುಮಾಡುತ್ತಾರೆ. ಅಲ್ಲಿಗೆ ಆಟ ನಿಲ್ಲಿಸಿ. ರಾಮರಾಯನ ಪಾತ್ರ ಒಂದೇ ಮಗುವಿಗೆ ಕೊಟ್ಟರೆ ಅದು ಅಳುತ್ತಾ ಮನೆಗೆ ಹೋಗುವ ಸಂಭವ ಹೆಚ್ಚು. ಸುತ್ತಿಗೊಬ್ಬರಂತೆ ಬದಲಾಯಿಸಿ.

ಎಂಟು ಬಟ್ಟಲು, ಇನ್ನೂರು ಬೀಜ

ಎಂಟರಿಂದ ಹತ್ತರವರಿಗೆ ಮೇಲಿನ ಕತೆ ಸಾಲದು. "ಯುದ್ಧ ಸೋತ್ರೆ ಮತ್ತೆ ಸೈನ್ಯ ಕಟ್ಟಬಹುದಿತ್ತಲ್ಲ?" ಎಂದು ಅವರು ಕೇಳುತ್ತಾರೆ, ಒಳ್ಳೆಯ ಪ್ರಶ್ನೆಯೇ. ಉತ್ತರ ಇರುವುದು ಕಂದಾಯದಲ್ಲಿ. ವಿಜಯನಗರದ ಅರಸರು ನಾಡನ್ನು ನಾಯಕರಿಗೆ ಹಂಚಿಕೊಟ್ಟಿದ್ದರು. ನಾಯಕ ತನ್ನ ಸೀಮೆಯ ಆದಾಯದಲ್ಲಿ ಸೈನ್ಯ ಸಾಕಬೇಕು, ರಾಜಧಾನಿಗೂ ಪಾಲು ಕಳಿಸಬೇಕು. ಕುದುರೆಗಳು ಬರುತ್ತಿದ್ದುದು ಸಮುದ್ರದಾಚೆಯಿಂದ, ಅರಬ್ಬೀ ನಾಡಿನಿಂದ. ಅದಕ್ಕೆ ರೊಕ್ಕ ಬೇಕು. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ, ಆಡಿಸಿದರೆ ಅರ್ಧ ಗಂಟೆ ಏಳುವುದಿಲ್ಲ.

ಹುಣಸೆ ಬೀಜ 200 ಎಣಿಸಿಡಿ. ಎಂಟು ಸಣ್ಣ ಬಟ್ಟಲು ನಾಯಕರದು, ನಡುವಿನ ಪಾತ್ರೆ ರಾಜಧಾನಿಯದು, ಪಕ್ಕದ ಮೊರ ಹೊಲ. ಪಾತ್ರೆಗೆ 20 ಬೀಜ, ಉಳಿದ 180 ಮೊರಕ್ಕೆ. ಒಂದು ಸುತ್ತು ಎಂದರೆ ಒಂದು ವರ್ಷ. ಹೊಲದಿಂದ ಒಂದೊಂದು ಬಟ್ಟಲಿಗೂ 5 ಬೀಜ ಬರುತ್ತದೆ, ಅದರಲ್ಲಿ 3 ಪಾತ್ರೆಗೆ ಹೋಗಬೇಕು. ಪಾತ್ರೆಗೆ ಬಂದದ್ದು 24. ಖರ್ಚು 20: ಸೈನಿಕರಿಗೆ 10, ಕುದುರೆಗೆ 6, ಕಾಲುವೆ ದೇವಸ್ಥಾನ ಮಹಾನವಮಿಗೆ 4. ಖರ್ಚಾದದ್ದು ಮೊರಕ್ಕೆ ವಾಪಸು. ಸುತ್ತಿಗೆ 4 ಉಳಿತಾಯ, ಐದು ಸುತ್ತಿಗೆ ಪಾತ್ರೆಯಲ್ಲಿ 40. (ಇವು ಆಟದ ಅಂಕಿ, ಚರಿತ್ರೆಯ ಅಂಕಿಯಲ್ಲ. ಮಕ್ಕಳಿಗೂ ಹಾಗೆಂದೇ ಹೇಳಿ.)

ಈಗ ಯುದ್ಧ. ಪಾತ್ರೆಯಿಂದ 30 ತೆಗೆದು ಮೊರಕ್ಕೆ ಸುರಿಯಿರಿ. ದೂರ ಕುಳಿತ ಮೂವರು ನಾಯಕರ ಕಿವಿಯಲ್ಲಿ "ಇನ್ಮೇಲೆ ಕಳಿಸಬೇಡಿ, ಕೇಳೋಕೆ ಬರೋವಷ್ಟು ಸೈನ್ಯ ಅವರ ಹತ್ರ ಇಲ್ಲ" ಎಂದು ಉಸುರಿ. ಮುಂದಿನ ಸುತ್ತಿಗೆ ಬರುವುದು 15, ಖರ್ಚು ಅದೇ 20. ಪಾತ್ರೆಯ ಹತ್ತು ಐದಾಗುತ್ತದೆ, ಐದು ಸೊನ್ನೆಯಾಗುತ್ತದೆ. ಎಂಟನೇ ಸುತ್ತಿಗೆ ಏನು ಕಡಿಮೆ ಮಾಡಬೇಕೆಂದು ಮಕ್ಕಳೇ ತೀರ್ಮಾನಿಸಲಿ. ಸೈನ್ಯವನ್ನೋ ಕುದುರೆಯನ್ನೋ ಕಡಿಮೆ ಮಾಡಿದರೆ ಇನ್ನಿಬ್ಬರು ನಾಯಕರು ಕೈಎತ್ತುತ್ತಾರೆ, ಬರುವುದು 9ಕ್ಕೆ ಇಳಿಯುತ್ತದೆ. ಕಾಲುವೆಗೆ ಕೊಡುವುದನ್ನು ನಿಲ್ಲಿಸಿದರೆ ಮರುವರ್ಷದಿಂದ ಹೊಲ 5ರ ಬದಲು 4 ಬೀಜ ಮಾತ್ರ ಕೊಡುತ್ತದೆ. ಯಾವ ದಾರಿ ಹಿಡಿದರೂ ಬಿಗಿಯಾಗುತ್ತದೆ. ಆಗ ಬಟ್ಟಲುಗಳ ಕಡೆ ಬೆರಳು ತೋರಿಸಿ. ಕಳಿಸದೆ ಉಳಿಸಿಕೊಂಡ ಮೂರು ಬಟ್ಟಲಲ್ಲಿ ಬೀಜ ತುಂಬಿ ತುಳುಕುತ್ತಿರುತ್ತದೆ. ನಡುವಿನ ಪಾತ್ರೆ ಬರಿದಾದರೂ ಇನ್ನೂರರಲ್ಲಿ ಒಂದು ಬೀಜವೂ ಮಾಯವಾಗಿಲ್ಲ. ಇಕ್ಕೇರಿ, ಮಧುರೆ, ತಂಜಾವೂರು ಎಂದು ಆ ಬಟ್ಟಲುಗಳಿಗೆ ಈಗ ಹೆಸರಿಡಬಹುದು.

ಸಾಮಾನ್ಯವಾಗಿ ಆಟ ಕೆಡುವುದು ಎರಡು ಕಡೆ. ಬೀಜ 150 ಇಟ್ಟುಕೊಂಡರೆ ಸರಿಯಾಗಿ ಎಂಟನೇ ಸುತ್ತಿಗೆ ಮೊರ ಬರಿದಾಗಿ ತೀರ್ಮಾನದ ಗಳಿಗೆ ಹಾಳಾಗುತ್ತದೆ. ಇನ್ನೊಂದು, ಯುದ್ಧವನ್ನು ಮೊದಲ ಎರಡು ಸುತ್ತಿನಲ್ಲೇ ತಂದುಬಿಡುವುದು. ತುಂಬುವ ಪಾತ್ರೆಯನ್ನು ಐದು ಸುತ್ತು ಕಣ್ಣಾರೆ ಕಂಡವರಿಗೆ ಮಾತ್ರ ಅದು ಖಾಲಿಯಾದಾಗ ಬೇಸರವಾಗುತ್ತದೆ. ನಾಲ್ಕು ವರ್ಷದ ತಮ್ಮನೋ ತಂಗಿಯೋ ಪಕ್ಕದಲ್ಲಿದ್ದರೆ ಬೀಜ ಬಾಯಿಗೆ, ಮೂಗಿಗೆ ಹೋಗದಂತೆ ಒಬ್ಬರು ಕಾವಲಿರಬೇಕು.

ಹಂಪಿಗೇ ಕರೆದೊಯ್ದರೆ

ಬೇಸಿಗೆಯಲ್ಲಿ ಬಂಡೆ ಕಾದು ಕಾವಲಿಯಾಗುತ್ತದೆ, ಬೆಳಗ್ಗೆ ಏಳಕ್ಕೆ ಶುರುಮಾಡಿ ಹತ್ತೂವರೆಗೆ ನೆರಳು ಸೇರಿಕೊಳ್ಳಿ. ಮಕ್ಕಳೊಂದಿಗೆ ಒಂದು ದಿನಕ್ಕೆ ಮೂರು ಜಾಗ ಸಾಕು. ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಇಡೀ ಊರಿನ ಮಾದರಿ ಇದೆ, ಮೊದಲು ಅದನ್ನು ನೋಡಿದರೆ ಬೆಟ್ಟ, ನದಿ, ಕೋಟೆ ಎಲ್ಲೆಲ್ಲಿ ಎಂದು ಮಗುವಿಗೆ ಗೊತ್ತಾಗುತ್ತದೆ.

ಅಲ್ಲಿಂದ ಮಹಾನವಮಿ ದಿಬ್ಬದ ಕಡೆ. ದಿಬ್ಬ ಹತ್ತಿಸುವ ಮೊದಲು ಸುತ್ತಮುತ್ತಲ ಅರಮನೆಗಳ ಜಗಲಿಗಳ ಮೇಲೆ ಮಗುವನ್ನು ನಿಲ್ಲಿಸಿ. ಅಲ್ಲಿ ಜಗಲಿಯಷ್ಟೇ ಇದೆ, ಗೋಡೆ ಇಲ್ಲ, ಚಾವಣಿ ಇಲ್ಲ. ಕಂಬ ನಿಲ್ಲಿಸಿದ್ದ ಗುರುತುಗಳನ್ನು ಹುಡುಕಲು ಬಿಡಿ, ಒಂದು ಸಿಕ್ಕರೆ ಅದರ ಸಾಲಿನಲ್ಲಿ ಮುಂದಿನದನ್ನು ಅವರೇ ಹುಡುಕುತ್ತಾರೆ. ಬುಡ ಕಲ್ಲಿನದು, ಮೇಲಿನ ಭಾಗ ಮರದ್ದು. ಬೆಂಕಿಗೆ ಮರ ಹೋಯಿತು, ಕಲ್ಲು ಉಳಿಯಿತು. ಪೂರ್ತಿ ಕಲ್ಲಲ್ಲೇ ಕಟ್ಟಿದ ದೇವಸ್ಥಾನಗಳು ನಿಂತಿವೆ, ಅರಮನೆಗಳು ಯಾಕಿಲ್ಲ ಎಂಬುದಕ್ಕೂ ಇದೇ ಉತ್ತರ. ಹೋಗಲಾಗದವರು ಮನೆಯ ಹಿತ್ತಲಲ್ಲಿ ನಾಲ್ಕು ಚಪ್ಪಟೆ ಕಲ್ಲಿನ ಮೇಲೆ ಕಡ್ಡಿ, ತೆಂಗಿನಗರಿಯ ಪುಟ್ಟ ಮನೆ ಕಟ್ಟಿ ಮಳೆಗಾಲ ಕಳೆಯುವವರೆಗೆ ಬಿಡಬಹುದು. ಬೆಂಕಿ ಹಚ್ಚಿ ತೋರಿಸುವ ಆಸೆ ಬೇಡ.

ಜನ ಎಲ್ಲಿ ಹೋದರು ಎಂಬುದಕ್ಕೆ ಕಣ್ಣಾರೆ ಕಂಡವನ ಸಾಕ್ಷಿ ಇದೆ. ಯುದ್ಧವಾಗಿ ಎರಡು ವರ್ಷಕ್ಕೆ, 1567ರಲ್ಲಿ, ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಈ ಊರಲ್ಲಿ ಏಳು ತಿಂಗಳಿದ್ದ. ಊರು ಪೂರ್ತಿ ನಾಶವಾಗಿರಲಿಲ್ಲ, ಮನೆಗಳು ನಿಂತಿದ್ದವು, ಒಳಗೆ ಜನರಿರಲಿಲ್ಲ, ಹುಲಿಯಂಥ ಕಾಡುಪ್ರಾಣಿಗಳು ಸೇರಿಕೊಂಡಿದ್ದವು ಎಂದು ಬರೆದಿಟ್ಟಿದ್ದಾನೆ. ತಿರುಮಲ ಮತ್ತೆ ಊರು ತುಂಬಿಸಲು ನೋಡಿದ, ಆಗಲಿಲ್ಲ. ಗಿರಾಕಿ ಇಲ್ಲದ ಪೇಟೆಗೆ ಅಂಗಡಿಯವನು ಬರುವುದಿಲ್ಲ, ಅಂಗಡಿ ಇಲ್ಲದ ಊರಿಗೆ ಗಿರಾಕಿ ಬರುವುದಿಲ್ಲ. ಖಾಲಿ ಮನೆಯಲ್ಲಿ ಹುಲಿ ಎಂಬ ಮಾತು ಕೇಳಿದ ಮೇಲೆ ಮಕ್ಕಳು ಆ ಕಲ್ಲುಗಳನ್ನು ನೋಡುವ ರೀತಿಯೇ ಬೇರೆ. ಅಲ್ಲೇ ಕೂತು ಚಿತ್ರ ಬರೆಯಲು ಒಂದು ಪುಸ್ತಕ, ಪೆನ್ಸಿಲ್ ಜೊತೆಗಿರಲಿ.

ಮೂರನೆಯ ಜಾಗಕ್ಕೆ ವಿರೂಪಾಕ್ಷ ಗುಡಿ, ಯಾಕೆಂದರೆ ಅಲ್ಲಿ ಈಗಲೂ ಪೂಜೆ ನಡೆಯುತ್ತದೆ, ಗಂಟೆ ಕೇಳಿಸುತ್ತದೆ. ಸಂಜೆ ಇನ್ನೂ ಹೊತ್ತಿದ್ದರೆ ಬಾಳೆತೋಟಗಳ ನಡುವೆ ಹರಿಯುವ ತುರ್ತಾ ಕಾಲುವೆಗೆ ಹೋಗಿ. ಅದು ವಿಜಯನಗರದ ಕಾಲದ್ದು, ಇವತ್ತಿಗೂ ತುಂಗಭದ್ರೆಯ ನೀರನ್ನು ಹೊಲಕ್ಕೆ ತರುತ್ತಿದೆ. ಮಗುವಿನ ಕೈ ಬಿಗಿಯಾಗಿ ಹಿಡಿದುಕೊಂಡು ದಂಡೆಯ ಮೇಲೇ ನಿಲ್ಲಿ, ಇಳಿಯಬೇಡಿ, ಹರಿವು ಜೋರಿರುತ್ತದೆ. ಒಣಗಿದ ಬಾಳೆಪಟ್ಟೆಯ ತುಂಡೊಂದನ್ನು ನೀರಿಗೆ ಬಿಟ್ಟು ಅದು ಯಾವ ತೋಟದ ಕಡೆ ತಿರುಗುತ್ತದೆ ಎಂದು ನೋಡಲು ಹೇಳಿ.